ಮೇಲ್ಬಾಯಿ ವಸ್ತ್ರಕ್ಷಾಲನ ಯಂತ್ರದ ಬಿಡಿಭಾಗಾಭಾವ: ಗಾವಡಗೆರೆ ಹೋಬಳಿಯನ್ನು ಅನುಲಕ್ಷಿಸಿ ಒಂದು ಮೀಮಾಂಸೆ

ಶಾಸ್ತ್ರಗ್ರಂಥ ಎಂದಮೇಲೆ ಅನುಬಂಧ ಚತುಷ್ಟಯ ಇರಲೇಬೇಕು ಎಂಬುದು ಹಿರಿಯರ ಕಟ್ಟಳೆ. ಆದ್ದರಿಂದ ಅದನ್ನು ಮೊದಲೇ ಮುಗಿಸಿಬಿಡುವುದು ಲೇಸು. ಪ್ರಸ್ತುತ ಸಂಪ್ರಬಂಧದ ವಿಷಯ, ನಿಂತುಹೋದ ಮೇಲ್ಬಾಯಿ ವಸ್ತ್ರಕ್ಷಾಲನ ಯಂತ್ರ. ಹುಣಸೂರು ಪೇಟೆಯ ಪಾಠದಲ್ಲಿ ಇದಕ್ಕೆ 'ಟಾಪ್ ಲೋಡ್ ವಾಶಿಂಗ್ ಮಿಷನ್ನು' ಎಂಬ ರೂಪವಿದೆ. ಪ್ರಯೋಜನ, ಅದು ಮತ್ತೆ ತಿರುಗುವುದು. ಸಂಬಂಧ, ಯಂತ್ರಕ್ಕೂ ಅದರ ಬಿಡಿಭಾಗಕ್ಕೂ ನಡುವೆ ಇರಬೇಕಾಗಿದ್ದು ಇಲ್ಲದೇ ಹೋದ ಸಂಬಂಧ. ಅಧಿಕಾರಿ, ಅಂದರೆ ಈ ಶಾಸ್ತ್ರವನ್ನು ಓದಲು ಅರ್ಹತೆ ಪಡೆದ ಜೀವಿ ಯಾರೆಂದರೆ, ಸೋಪಿನ ನೀರಿನಲ್ಲಿ ಮುಳುಗಿದ ಬಟ್ಟೆ ಡ್ರಮ್ಮಿನೊಳಗೇ ಉಳಿದು ಮುಗ್ಗಲು ಹಿಡಿದ ಮೂರನೆಯ ದಿನ ಮುಚ್ಚಳ ತೆಗೆದು ಮೂಗು ಮುಚ್ಚಿಕೊಂಡವರು. ಅಧ್ಯಯನದ ವ್ಯಾಪ್ತಿ ಗಾವಡಗೆರೆ ಹೋಬಳಿ. ತೌಲನಿಕ ಆಕರಗಳಾಗಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳನ್ನು ಸೇರಿಸಿಕೊಳ್ಳಲಾಗಿದೆ. ಶೀರ್ಷಿಕೆಯಲ್ಲಿ 'ಅನುಲಕ್ಷಿಸಿ' ಎಂಬ ಪದವನ್ನು ಇಟ್ಟಿರುವುದು ವಿಚಾರ ಸಂಕಿರಣಗಳ ಮೇಲಿನ ಗೌರವದಿಂದ. ಆ ಪದವಿಲ್ಲದ ಪ್ರಬಂಧಕ್ಕೆ ಮಧ್ಯಾಹ್ನದ ಊಟ ಸಿಕ್ಕರೂ ಪ್ರಮಾಣಪತ್ರ ಸಿಗುವುದು ಕಷ್ಟ.

ಮೊದಲಿಗೆ ಜ್ಞಾನಮೀಮಾಂಸೆ. ತೊಟ್ಟಿಯಲ್ಲಿ ನೀರು ಎಷ್ಟಿದೆ ಎಂಬುದನ್ನು ಯಂತ್ರ ಹೇಗೆ ತಿಳಿಯುತ್ತದೆ? ಪ್ರತ್ಯಕ್ಷದಿಂದಲ್ಲ, ಅದಕ್ಕೆ ಕಣ್ಣಿಲ್ಲ. ತೊಟ್ಟಿಯ ಬುಡದಲ್ಲಿ ಒಂದು ಪುಟ್ಟ ಗೂಡು, ಅಲ್ಲಿಂದ ಮೇಲಕ್ಕೆ ಒಂದು ತೆಳು ಕೊಳವೆ, ಕೊಳವೆಯ ತುದಿಗೆ ಒಂದು ಪ್ರೆಶರ್ ಸೆನ್ಸರ್. ನೀರು ಏರಿದಂತೆ ಗೂಡಿನಲ್ಲಿ ಸಿಕ್ಕಿಬಿದ್ದ ಗಾಳಿ ಒತ್ತಿಕೊಂಡು ಸೆನ್ಸರಿನ ಪೊರೆಯನ್ನು ತಳ್ಳುತ್ತದೆ. 'ಇಲ್ಲಿ ಗಾಳಿಯ ಒತ್ತಡವಿದೆ, ಆದ್ದರಿಂದ ಅಲ್ಲಿ ನೀರಿದೆ' ಎಂದು ಯಂತ್ರ ತೀರ್ಮಾನಿಸುತ್ತದೆ. ಇದು ಅಪ್ಪಟ ಅನುಮಾನ ಪ್ರಮಾಣ. ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸಿದ ತಾರ್ಕಿಕರಿಗೂ, ಹೊಗೆ ಕಂಡಲ್ಲಿ ಹೊಗೆಸೊಪ್ಪು ಹದಮಾಡುವ ಬ್ಯಾರನ್ ಇದೆ ಎಂದು ಕಣ್ಣು ಮುಚ್ಚಿ ಹೇಳುವ ಹುಣಸೂರು ಸೀಮೆಯವರಿಗೂ ಇದು ಹೊಸತಲ್ಲ. ಆದರೆ ಮೇಲ್ಬಾಯಿ ಯಂತ್ರಕ್ಕೆ ತಳ ತೆರೆದಿರುತ್ತದೆ. ಬೆಚ್ಚಗಿನ ಆ ಜಾಗಕ್ಕೆ ಇಲಿ ಬರುತ್ತದೆ. ಬಂದ ಇಲಿ ಕೊಳವೆಯನ್ನು ಕಡಿಯುತ್ತದೆ. ಗಾಳಿ ಸೋರಿಹೋಗಿ ಒತ್ತಡ ಹುಟ್ಟುವುದಿಲ್ಲ, ಒತ್ತಡವಿಲ್ಲವಾದ್ದರಿಂದ ನೀರಿಲ್ಲ ಎಂದು ಯಂತ್ರ ನಂಬುತ್ತದೆ, ನೀರು ತುಂಬುತ್ತಲೇ ಇರುತ್ತದೆ, ಬಚ್ಚಲು ಕೆರೆಯಾಗುತ್ತದೆ. ಹೇತ್ವಾಭಾಸಕ್ಕೆ ಇದಕ್ಕಿಂತ ಒದ್ದೆಯಾದ ಉದಾಹರಣೆ ತರ್ಕಸಂಗ್ರಹಗಳಲ್ಲೂ ಸಿಗಲಾರದು. ಪರಿಹಾರ? ಗೇಣುದ್ದದ ರಬ್ಬರ್ ಕೊಳವೆ.

ಇನ್ನು ದೋಷಲಕ್ಷಣ ಪ್ರಕರಣ. ನೀರು ತುಂಬಿ, 'ಗುಂಯ್' ಎಂದು ಮೋಟಾರು ನರಳಿ, ಡ್ರಮ್ಮು ಮಾತ್ರ ಕದಲದಿದ್ದರೆ ಬಹುಪಾಲು ಕಪಾಸಿಟರ್ ಸತ್ತಿರುತ್ತದೆ. ಈ ಮೋಟಾರಿನಲ್ಲಿ ಎರಡು ಸುರುಳಿಗಳಿದ್ದು, ಎರಡಕ್ಕೂ ಕರೆಂಟು ಸ್ವಲ್ಪ ಹಿಂದುಮುಂದಾಗಿ ಬಂದರೆ ಮಾತ್ರ ಅದು ತಿರುಗಲು ಮೊದಲಿಡುತ್ತದೆ. ಆ ಹಿಂದುಮುಂದು ಮಾಡುವುದೇ ಹೆಬ್ಬೆರಳು ಗಾತ್ರದ ಆ ಡಬ್ಬಿಯ ಕೆಲಸ. ಒಗೆದಾದಮೇಲೆ ನೀರೂ ಹೋಗದೆ ಹಿಂಡುವುದೂ ನಡೆಯದಿದ್ದರೆ ಡ್ರೈನ್ ಮೋಟಾರನ್ನು ಶಂಕಿಸಬೇಕು. ಹಲವು ಮಾದರಿಗಳಲ್ಲಿ ಈ ಪುಟ್ಟ ಮೋಟಾರು ಒಂದೇ ಎಳೆತದಲ್ಲಿ ಎರಡು ಕೆಲಸ ಮಾಡುತ್ತದೆ: ನೀರಿನ ಬಾಯಿ ತೆರೆಯುತ್ತದೆ, ಒಗೆಯುವ ಗತಿಯಿಂದ ಹಿಂಡುವ ಗತಿಗೆ ಕ್ಲಚ್ಚಿನ ಸನ್ನೆಯನ್ನು ಸರಿಸುತ್ತದೆ. ಹಿಂಡುವಾಗ ಡ್ರಮ್ಮು ಗೋಡೆಗೆ ಗುದ್ದಿ ಕುಣಿದರೆ ನಾಲ್ಕು ಸಸ್ಪೆನ್ಷನ್ ರಾಡುಗಳಲ್ಲಿ ಒಂದು ಸೋತಿದೆ. ನೀರೇ ಬಾರದಿದ್ದರೆ ಇನ್ಲೆಟ್ ವಾಲ್ವಿನ ಬಾಯಲ್ಲಿರುವ ಬೆರಳಗಲದ ಜಾಲರಿಯಲ್ಲಿ ಬೋರ್‌ವೆಲ್ಲಿನ ಮರಳೋ ಸುಣ್ಣವೋ ಕೂತಿದೆ. ಗಿರಣಿಯಂಥ ಸದ್ದು ಬಂದರೆ ಸೀಲು ಹರಿದು ಬೇರಿಂಗಿಗೆ ನೀರಿಳಿದಿದೆ. ಓದುಗರು ಗಮನಿಸಬೇಕು: ಇಷ್ಟೆಲ್ಲ ರೋಗಗಳಿಗೂ ಮದ್ದು ಒಂದು ಕೈಯಲ್ಲಿ ಹಿಡಿಯುವಷ್ಟೇ ದೊಡ್ಡದು. ಯಂತ್ರ ಸಾಯುವುದು ಹೀಗೆಯೇ, ಚಿಕ್ಕ ಚಿಕ್ಕ ಕಾರಣಗಳಿಂದ.

ಈಗ ಗ್ರಂಥದ ಹೃದಯಭಾಗವಾದ ಅಭಾವ ಪ್ರಕರಣ. ನ್ಯಾಯ ವೈಶೇಷಿಕರು 'ಇಲ್ಲ' ಎಂಬುದನ್ನೂ ಒಂದು ಪದಾರ್ಥವೆಂದು ಎಣಿಸಿ ಅದನ್ನು ನಾಲ್ಕಾಗಿ ಒಡೆದರು. ಅವರಿಗೆ ಸ್ಪೇರ್ ಪಾರ್ಟ್ಸ್ ಅಂಗಡಿಯ ಒಡನಾಟ ಇದ್ದಿರಬೇಕು ಎಂಬ ಗುಮಾನಿ ಈ ಲೇಖಕನಿಗಿದೆ. ಮೊದಲನೆಯದು ಪ್ರಾಗಭಾವ: ವಸ್ತು ಹುಟ್ಟುವ ಮುಂಚಿನ ಇಲ್ಲದಿರುವಿಕೆ. ಲೋಕದಲ್ಲಿ ಇದರ ರೂಪ 'ಆರ್ಡರ್ ಹಾಕಿದೀವಿ ಕಣಕ್ಕ, ಮುಂದ್ಲ ವಾರ ಬತ್ತದೆ'. ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವುಂಟು ಎನ್ನುತ್ತದೆ ಶಾಸ್ತ್ರ. ಮೊದಲರ್ಧ ನಿರ್ವಿವಾದ, ಎರಡನೆಯ ಅರ್ಧವನ್ನು ಮರುಪರಿಶೀಲಿಸಬೇಕು. ಎರಡನೆಯದು ಪ್ರಧ್ವಂಸಾಭಾವ: ಇದ್ದದ್ದು ನಾಶವಾದಮೇಲಿನ ಇಲ್ಲದಿರುವಿಕೆ. 'ಆ ಮಾಡಲ್ ನಿಲ್ಲಿಸಿದಾರೆ' ಎಂಬ ಶ್ರುತಿವಾಕ್ಯ ಇದಕ್ಕೆ ಪ್ರಮಾಣ. ಕೆಲವೊಮ್ಮೆ ಮಾದರಿ ಹೋಗಲಿ, ತಯಾರಕರ ಬುಡವೇ ಅಲುಗುತ್ತದೆ. ಮಧ್ಯಮವರ್ಗದ ಮನೆಗಳಿಗೆ ಈ ಯಂತ್ರದ ಪರಿಚಯ ಮಾಡಿಸಿದ ಹೆಸರುಗಳಲ್ಲಿ ಒಂದಾದ ವಿಡಿಯೋಕಾನ್ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಮೂರನೆಯದು ಅನ್ಯೋನ್ಯಾಭಾವ: ಘಟವು ಪಟವಲ್ಲ, ಪಟವು ಘಟವಲ್ಲ. ತರ್ಕಶಾಸ್ತ್ರದ ಮಡಕೆ ಮತ್ತು ಬಟ್ಟೆ ಎರಡೂ ಒಂದೇ ಕಡೆ ಸೇರುವುದು ಈ ಯಂತ್ರದಲ್ಲಿ ಮಾತ್ರ ಎಂಬುದನ್ನು ವಿದ್ವಾಂಸರು ಇದುವರೆಗೆ ಗಮನಿಸಿಲ್ಲ. ಭಾಗ ಬಂದಿದೆ, ಪೊಟ್ಟಣ ಬಿಚ್ಚಿಯೂ ಆಗಿದೆ, ಆದರೆ ಬಂದದ್ದು ಅದಲ್ಲ. ಮೂರು ತೂತಿನ ಜಾಗಕ್ಕೆ ನಾಲ್ಕು ತೂತಿನದು ಬಂದಿದೆ. ಯಂತ್ರದ ಬೆನ್ನಿಗಂಟಿದ ಚೀಟಿಯಲ್ಲಿ ಮಾದರಿ ಸಂಖ್ಯೆಯ ಕೊನೆಯ ಎರಡು ಅಕ್ಷರ ಒದ್ದೆಯಲ್ಲಿ ಅಳಿಸಿಹೋಗಿದ್ದರೆ ಈ ಅಭಾವ ಖಾತ್ರಿ.

ನಾಲ್ಕನೆಯದು ಅತ್ಯಂತಾಭಾವ, ಮೊಲದ ಕೊಂಬು. ಎಂದೂ ಇರಲಿಲ್ಲ, ಎಂದೂ ಇರುವುದಿಲ್ಲ. ಸೀಲು ಬೇಕೆಂದರೆ ಸೀಲು ಬಿಡಿಯಾಗಿ ಬರುವುದಿಲ್ಲ, ಗೇರ್ ಬಾಕ್ಸಿನ ಇಡೀ ಜೋಡಣೆ ತೆಗೆದುಕೊಳ್ಳಬೇಕು. ಬೋರ್ಡಿನ ಮೇಲೆ ಒಂದು ರಿಲೇ ಸುಟ್ಟಿದೆಯೆಂದರೆ ರಿಲೇ ಬದಲಿಸುವಂತಿಲ್ಲ, ಇಡೀ ಬೋರ್ಡು ಕೊಳ್ಳಬೇಕು. ಇದನ್ನು ಉಳಿದ ಮೂರರ ಜೊತೆ ಒಂದೇ ಸಾಲಿನಲ್ಲಿ ಕೂರಿಸಿ ವರ್ಗೀಕರಣ ಮುಗಿಸಬೇಕೆಂದು ಹೊರಟದ್ದು ನಿಜ. ಆದರೆ ಕೂರುತ್ತಿಲ್ಲ. ಮೊದಲ ಮೂರು ಅಭಾವಗಳು ದೂರದಿಂದಲೋ ಕಾಲದಿಂದಲೋ ಅಜಾಗರೂಕತೆಯಿಂದಲೋ ಆದವು. ನಾಲ್ಕನೆಯದು ಯಾರೋ ಮೇಜಿನ ಮುಂದೆ ಕೂತು ಮಾಡಿದ ತೀರ್ಮಾನ. ಮೊಲಕ್ಕೆ ಕೊಂಬು ಇಲ್ಲದಿರುವುದು ಸೃಷ್ಟಿನಿಯಮ; ಇಲ್ಲಿ ಕೊಂಬು ಇದೆ, ಕಾರ್ಖಾನೆಯಲ್ಲಿ ದಿನಕ್ಕೆ ಸಾವಿರಗಟ್ಟಲೆ ತಯಾರಾಗುತ್ತದೆ, ಬಿಡಿಯಾಗಿ ಮಾರಬಾರದೆಂದು ನಿರ್ಧಾರವಾಗಿದೆ. ಹಾಗಾಗಿ ವರ್ಗೀಕರಣವನ್ನು ಇಲ್ಲಿಗೇ ಕೈಬಿಡಲಾಗಿದೆ. ಬಿಡಿಭಾಗದ ಇಲ್ಲದಿರುವಿಕೆಯನ್ನು ಪದಾರ್ಥವೆಂದು ಒಪ್ಪಿಕೊಂಡರೆ ಅದನ್ನು ತಯಾರಿಸಿದವರಾರೆಂದು ಕೇಳಬೇಕಾಗುತ್ತದೆ. ಈ ಪ್ರಬಂಧದ ವಾದ ಅಷ್ಟೇ: ಬೇರೆಲ್ಲ ಭಾಗಗಳಂತೆ ಅಭಾವವೂ ಕಾರ್ಖಾನೆಯ ಉತ್ಪನ್ನವೇ.

ಇದಕ್ಕೆ ಐತಿಹಾಸಿಕ ಸಾಕ್ಷ್ಯ ಒದಗಿಸಬೇಕಾದ್ದು ಸಂಶೋಧಕನ ಧರ್ಮ. ಹುಣಸೂರಿನಿಂದ ಸುಮಾರು 45 ಕಿಲೋಮೀಟರ್ ದೂರದ ಮೈಸೂರಿನಲ್ಲಿ 1891ರಲ್ಲಿ ಸ್ಥಾಪನೆಯಾದ ಪ್ರಾಚ್ಯ ವಿದ್ಯಾ ಸಂಶೋಧನಾಲಯವಿದೆ. ಶತಮಾನಗಳ ಹಿಂದಿನ ತಾಳೆಗರಿ ಅಲ್ಲಿ ಸಿಗುತ್ತದೆ. ಏಳು ವರ್ಷದ ಹಿಂದಿನ ಡ್ರೈನ್ ಮೋಟಾರು ಅದೇ ಊರಿನಲ್ಲಿ ಸಿಗುವುದು ದುರ್ಲಭ. ಆ ಸಂಸ್ಥೆಯ ತಾಳೆಗರಿಗಳಲ್ಲೇ ಆರ್. ಶಾಮಾಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ದೊರೆತು 1909ರಲ್ಲಿ ಅಚ್ಚಾಯಿತು. ಅದರ ನಾಲ್ಕನೆಯ ಅಧಿಕರಣದಲ್ಲಿ ಅಗಸರಿಗೆ ನಿಯಮಗಳಿವೆ: ಮರದ ಹಲಗೆಯ ಮೇಲೋ ನುಣುಪು ಕಲ್ಲಿನ ಮೇಲೋ ಮಾತ್ರ ಒಗೆಯಬೇಕು, ಬಟ್ಟೆಯ ಬಣ್ಣಕ್ಕೂ ಬಿಳುಪಿಗೂ ತಕ್ಕಂತೆ ಒಂದು ರಾತ್ರಿಯಿಂದ ಏಳು ರಾತ್ರಿಯವರೆಗೆ ಗಡುವು, ಅದರೊಳಗೆ ಹಿಂತಿರುಗಿಸಬೇಕು. ಕಲ್ಲನ್ನು ಬಿಟ್ಟರೆ ಬೇರೆ ಬಂಡವಾಳವಿಲ್ಲದ ಅಗಸನಿಗೆ ರಾಜ್ಯ ದಿನ ಗೊತ್ತುಮಾಡಿತ್ತು. ಖಂಡಾಂತರಗಳಲ್ಲಿ ಕಾರ್ಖಾನೆ ಇಟ್ಟವರಿಗೆ, ಬಿಡಿಭಾಗವನ್ನು ಇಷ್ಟು ರಾತ್ರಿಯೊಳಗೆ ಒದಗಿಸು ಎಂದು ಈ ದೇಶದಲ್ಲಿ ಹೇಳುವ ಕಾಯಿದೆ ಇಲ್ಲ. ಬದಲಿಗೆ ದೂರಿಗೆ ಒಂದು ಸಂಖ್ಯೆ ಕೊಡುತ್ತಾರೆ. 'ಪಾರ್ಟ್ ಪೆಂಡಿಂಗ್' ಎಂಬ ಸಂದೇಶ ಬರುತ್ತದೆ. ಒಂದು ದಿನ 'ನಿಮ್ಮ ದೂರು ಪರಿಹಾರವಾಗಿದೆ' ಎಂಬ ಸಂದೇಶವೂ ಬರುತ್ತದೆ, ಯಂತ್ರ ನಿಂತಲ್ಲೇ ನಿಂತಿರುವಾಗ. ವಿಚಾರ ಸಂಕಿರಣದ ಭಾಷೆಗೂ ಈ ಭಾಷೆಗೂ ಇರುವ ರಕ್ತಸಂಬಂಧವನ್ನು ಇಲ್ಲಿ ಗುರುತಿಸಬಹುದು. ಎರಡೂ ಇಲ್ಲದ್ದನ್ನು ಇದೆ ಎಂದು ನಂಬಿಸಲು ಉದ್ದುದ್ದ ಪದಗಳನ್ನು ಹೊಲಿಯುತ್ತವೆ.

ನಮ್ಮ ವೈಯಾಕರಣರು ಬದಲಾವಣೆಯನ್ನು ಲೋಪ, ಆಗಮ, ಆದೇಶ ಎಂದು ಮೂರಾಗಿ ಕಂಡರು. ಭಾಗ ಕೆಟ್ಟದ್ದು ಲೋಪ, ಬೇರೆ ಹಾಕಿದ್ದು ಆದೇಶ, ಬಿಲ್ಲಿನಲ್ಲಿ ಕೇಳದೆಯೇ ಬಂದು ಸೇರಿದ 'ಡಿಸ್ಕೇಲಿಂಗ್ ಪುಡಿ' ಆಗಮ. ಇದಕ್ಕಿಂತ ಹೆಚ್ಚು ವಿವರಣೆ ಬೇಡ.

ಅಭಾವವೂ ಕಾರ್ಖಾನೆಯ ಉತ್ಪನ್ನವೆಂಬ ವಾದಕ್ಕೆ ಮೊದಲ ಪೂರ್ವಪಕ್ಷ ಹೀಗಿದೆ. ಹೋಬಳಿ ಮಟ್ಟದಲ್ಲಿ ಕೌಶಲವಿಲ್ಲ, ಆದ್ದರಿಂದ ಬಿಡಿಭಾಗ ಕಳಿಸಿಯೂ ಉಪಯೋಗವಿಲ್ಲ. ಇದನ್ನು ಹೇಳುವವರು ಹೊಗೆಸೊಪ್ಪಿನ ಸೀಮೆಯ ಯಾವ ಪೇಟೆಯಲ್ಲೂ ವೈಂಡಿಂಗ್ ಅಂಗಡಿಯ ಮುಂದೆ ಐದು ನಿಮಿಷ ನಿಂತವರಲ್ಲ. ಐದು ಎಚ್‌ಪಿಯ ಪಂಪ್‌ಸೆಟ್ ಮೋಟಾರು ಸುಟ್ಟುಬಂದರೆ, ಸುಟ್ಟ ಸುರುಳಿ ಕಿತ್ತು, ಸುತ್ತು ಎಣಿಸಿ, ತಾಮ್ರದ ತಂತಿ ಸುತ್ತಿ, ವಾರ್ನಿಷ್ ಕುಡಿಸಿ, ಒಂದೆರಡು ದಿನದಲ್ಲಿ ಹೊಲಕ್ಕೆ ಕಳಿಸುತ್ತಾರೆ. ಬಟ್ಟೆ ಒಗೆಯುವ ಮೋಟಾರು ಅದರ ಮುಂದೆ ಮಗು. ವ್ಯತ್ಯಾಸ ಇರುವುದು ಇಲ್ಲಿ: ಪಂಪ್‌ಸೆಟ್ಟಿನ ಒಳಗು ಗುಟ್ಟಲ್ಲ. ಅದರ ಬೇರಿಂಗಿನ ಮೇಲೆ 6205 ಎಂದಿದ್ದರೆ ಒಳವ್ಯಾಸ 25, ಹೊರವ್ಯಾಸ 52, ಅಗಲ 15 ಮಿಲಿಮೀಟರ್. ಯಾರು ಮಾಡಿದರೂ ಅಷ್ಟೇ, ಜಪಾನಿನಲ್ಲಿ ಕೊಂಡರೂ ಪಿರಿಯಾಪಟ್ಟಣದಲ್ಲಿ ಕೊಂಡರೂ ಅಷ್ಟೇ. ಒಂದು ಸಂಖ್ಯೆ ಎಲ್ಲರಿಗೂ ಗೊತ್ತಿದ್ದರೆ ಹೋಬಳಿಯ ಅಂಗಡಿಯ ಕಪಾಟು ಎಷ್ಟು ಶಕ್ತಿವಂತವಾಗುತ್ತದೆ ನೋಡಿ. ವಸ್ತ್ರಕ್ಷಾಲನ ಯಂತ್ರದಲ್ಲಿ ಅದೇ ಜಾತಿಯ ಬೇರಿಂಗು ಮುಚ್ಚಿದ ಗೇರ್ ಬಾಕ್ಸಿನೊಳಗೆ ಕೂತು, ಕಂಪನಿಗೊಂದು ಮಾದರಿಗೊಂದು ಉದ್ದದ ಸಂಖ್ಯೆಯ ಮುಸುಕು ಹಾಕಿಕೊಳ್ಳುತ್ತದೆ. ಇಷ್ಟಾದರೂ ಮೆಕ್ಯಾನಿಕ್ಕುಗಳು ಕೈಕಟ್ಟಿ ಕೂತಿಲ್ಲ. ಗುಜರಿಗೆ ಬಂದ ಯಂತ್ರವನ್ನು ಬಿಚ್ಚಿ, ಒಂದರ ವಾಲ್ವು ಇನ್ನೊಂದಕ್ಕೆ, ಇನ್ನೊಂದರ ಪಲ್ಸೇಟರ್ ಮತ್ತೊಂದಕ್ಕೆ ಹೊಂದಿಸುತ್ತಾರೆ. ಕಂಪನಿಯ ಬೋರ್ಡು ಸತ್ತರೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 'ಯೂನಿವರ್ಸಲ್ ಬೋರ್ಡ್' ತರಿಸಿ ತಂತಿಗಳ ಬಣ್ಣ ಓದಿ ಜೋಡಿಸುತ್ತಾರೆ. ಖಿಲವಾದ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಪಾಠಾಂತರ ನೋಡಿ ಶುದ್ಧಪಾಠ ನಿರ್ಣಯಿಸುವುದಕ್ಕೆ ಗ್ರಂಥಸಂಪಾದನೆ ಎನ್ನುತ್ತೇವೆ, ಡಾಕ್ಟರೇಟು ಕೊಡುತ್ತೇವೆ. ಇದಕ್ಕೆ 'ಲೋಕಲ್ ಕೆಲಸ' ಎನ್ನುತ್ತೇವೆ.

ಎರಡನೆಯ ಪೂರ್ವಪಕ್ಷಕ್ಕೆ ಸ್ವಲ್ಪ ತೂಕವಿದೆ. ನೀರೂ ವಿದ್ಯುತ್ತೂ ಒಂದೇ ಪೆಟ್ಟಿಗೆಯಲ್ಲಿರುವಾಗ ಸಿಕ್ಕವರೆಲ್ಲ ಕೈಹಾಕಿದರೆ ಜೀವಕ್ಕೆ ಅಪಾಯವಲ್ಲವೇ? ಹೌದು, ಅಪಾಯ. ಅರ್ತಿಂಗ್ ಇಲ್ಲದ ಹಳೆಯ ಮನೆಯ ಬಚ್ಚಲಲ್ಲಿ ಒದ್ದೆ ಕಾಲಲ್ಲಿ ನಿಂತು ಯಂತ್ರ ಮುಟ್ಟುವುದಂತೂ ರಿಪೇರಿಗೆ ಮೊದಲೂ ಅಪಾಯ, ಆಮೇಲೂ ಅಪಾಯ. ಆದರೆ ಸರ್ಕ್ಯೂಟಿನ ನಕ್ಷೆಯನ್ನು ಬಚ್ಚಿಟ್ಟರೆ ಅಪಾಯ ಕಡಿಮೆಯಾಗುವುದು ಹೇಗೆ? ನಕ್ಷೆಯಿಲ್ಲದವನು ತಂತಿಯನ್ನು ಊಹೆಯಿಂದ ಮುಟ್ಟಬೇಕಾಗುತ್ತದೆ. ಇದೇ ಸುರಕ್ಷತೆಯ ಮಾತನ್ನು ಕಾರು ತಯಾರಕರೂ ಆಡಿದ್ದರು. ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಕೊಡದೆ ಕಟ್ಟಿಹಾಕಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಕಾರಿಗೆ ಒಪ್ಪದ ವಾದ ಬಚ್ಚಲಿಗೆ ಹೇಗೆ ಒಪ್ಪೀತು?

ಮೂರನೆಯದು ವ್ಯಾಪಾರದ ಮಾತು: ಹಳೆಯ ಮಾದರಿಗಳ ಭಾಗಗಳನ್ನು ವರ್ಷಗಟ್ಟಲೆ ಗೋದಾಮಿನಲ್ಲಿಡುವುದು ಯಾರಿಗೂ ಗಿಟ್ಟುವುದಿಲ್ಲ. ಯುರೋಪ್ ಒಕ್ಕೂಟದಲ್ಲಿ ಗಿಟ್ಟುತ್ತದೆ. 2021ರ ಮಾರ್ಚಿನಿಂದ ಅಲ್ಲಿ ಜಾರಿಯಲ್ಲಿರುವ ನಿಯಮದಂತೆ, ಒಂದು ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದಮೇಲೂ 10 ವರ್ಷ ಅದರ ಮೋಟಾರು, ಪಂಪು, ಬೇರಿಂಗು, ಬೋರ್ಡುಗಳು ದುರಸ್ತಿಗಾರರಿಗೆ ಸಿಗಬೇಕು, ಕೇಳಿದ 15 ಕೆಲಸದ ದಿನಗಳಲ್ಲಿ ಕೈಸೇರಬೇಕು. ಅಲ್ಲಿ ಮಾರುವ ಕಂಪನಿಗಳಲ್ಲಿ ಹಲವು ಇಲ್ಲೂ ಮಾರುತ್ತವೆ. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ 'ದುರಸ್ತಿಯ ಹಕ್ಕು' ಕುರಿತು ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಪೋರ್ಟಲ್ಲಿನಲ್ಲಿ ಕಂಪನಿಗಳ ಸಹಾಯವಾಣಿಯ ಸಂಖ್ಯೆಗಳಿವೆ. ಸಹಾಯವಾಣಿಯಿಂದ ಸೋತವರು ಪೋರ್ಟಲ್ಲಿಗೆ ಹೋದರೆ ಅದು ಅವರನ್ನು ಸಹಾಯವಾಣಿಗೆ ಕಳಿಸುತ್ತದೆ. ತಾರ್ಕಿಕರು ಇದನ್ನು ಚಕ್ರಕ ದೋಷ ಎನ್ನುತ್ತಾರೆ, ಯಂತ್ರದಲ್ಲಿ ಇದಕ್ಕೆ ಸ್ಪಿನ್ ಎನ್ನುತ್ತಾರೆ.

ಕೊನೆಯ ಪೂರ್ವಪಕ್ಷವೇ ಎಲ್ಲಕ್ಕಿಂತ ಜನಪ್ರಿಯ: ರಿಪೇರಿಯ ರಗಳೆ ಯಾಕೆ, ಎಕ್ಸ್‌ಚೇಂಜಿಗೆ ಹಾಕಿ ಹೊಸದು ತನ್ನಿ. ಇಲ್ಲಿ ಪಾಂಡಿತ್ಯದ ದನಿ ಉಳಿಸಿಕೊಳ್ಳುವುದು ಕಷ್ಟ. 16,000 ರೂಪಾಯಿಯ ಯಂತ್ರವೆಂದರೆ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ಎಂಟು ತಿಂಗಳ ಹಣ, ಒಂದು ಕಾಸನ್ನೂ ಬೇರೆಯದಕ್ಕೆ ಮುಟ್ಟದಿದ್ದರೆ. 2023ರ ಆಗಸ್ಟ್ 30ರಂದು ಆ ಯೋಜನೆಗೆ ಚಾಲನೆ ಸಿಕ್ಕಿದ್ದು ಇದೇ ಮೈಸೂರಿನಲ್ಲಿ. ಹಾಗೆ ಕೂಡಿಟ್ಟು ತಂದ ಯಂತ್ರದ ಬೋರ್ಡನ್ನು ಬಿಚ್ಚಿದರೆ ಮೇಲೆಲ್ಲ ರಾಳ ಸುರಿದಿರುತ್ತಾರೆ. ತೇವ ತಾಗದಿರಲಿ ಎಂಬುದು ಕಾರಣ, ಕಾರಣ ಸುಳ್ಳಲ್ಲ. ಆದರೆ ಅದೇ ರಾಳದ ಅಡಿಯಲ್ಲಿ, ವೋಲ್ಟೇಜು ಒಮ್ಮೆ ಹೆಚ್ಚಿ ಒಮ್ಮೆ ಕುಸಿದಾಗ ಸುಟ್ಟ ಹತ್ತಿಪ್ಪತ್ತು ರೂಪಾಯಿಯ ತುಣುಕು ಕಣ್ಣಿಗೆ ಕಂಡರೂ ಕೈಗೆ ಸಿಗದಂತೆ ಹುಗಿದುಹೋಗಿರುತ್ತದೆ. 'ಬೋರ್ಡು ಹೋಗ್ಬುಟ್ಟದೆ ಕಣಕ್ಕ' ಎಂದು ಹೇಳುವಾಗ ಮೆಕ್ಯಾನಿಕ್ಕಿನ ಮುಖದಲ್ಲಿರುವುದು ಅಜ್ಞಾನವಲ್ಲ, ನಾಚಿಕೆ. ತಾನು ಮಾಡದ ತಪ್ಪಿಗೆ. ಒಂದು ತುಣುಕಿಗಾಗಿ ಮೂವತ್ತು ಕಿಲೋ ತಗಡು, ಪ್ಲಾಸ್ಟಿಕ್ಕು, ತಾಮ್ರವನ್ನು ಗುಜರಿಗೆ ಎಸೆಯಿರಿ ಎಂದು ಹೇಳುವುದಕ್ಕೆ ಆಫರ್ ಎಂದು ಹೆಸರಿಟ್ಟವರು ಯಾರು? ಅವರ ಮನೆಯಲ್ಲಿ ಬಟ್ಟೆ ಒಗೆಯುವವರು ಯಾರು?

ಈ ಕಡೆಯ ಪ್ರಶ್ನೆ ಪ್ರಬಂಧದ ವ್ಯಾಪ್ತಿಗೆ ಹೊರಗಿನದು. ಅದನ್ನು ವಾಡಿಕೆಯಂತೆ 'ಮುಂದಿನ ಸಂಶೋಧನೆಯ ಸಾಧ್ಯತೆಗಳು' ಎಂಬ ಭಾಗಕ್ಕೆ ತಳ್ಳಬಹುದು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ಯಂತ್ರ ನಿಂತಾಗ ಈ ಲೆಕ್ಕದಲ್ಲಿ ಯಾವ ಕಡೆಯ ನಿಮಿಷಗಳು ಏರುತ್ತವೆ ಎಂಬುದನ್ನು ಯಾರಾದರೂ ಅಳೆಯಬೇಕು. ಅಳೆಯುವುದಾದರೆ ಜುಲೈ, ಆಗಸ್ಟಿನಲ್ಲಿ ಬರಲಿ. ಆಗ ಹೊಗೆಸೊಪ್ಪು ಮುರಿಯುವ ಕಾಲ. ಎಲೆಯ ಅಂಟು ಅಂಗಿ ಸೀರೆಗಳಿಗೆ ಹತ್ತಿ ಕಪ್ಪಗೆ ಕೂರುತ್ತದೆ, ಬ್ಯಾರನ್ನಿನ ಹೊಗೆ ಬಟ್ಟೆಯಲ್ಲಿ ಇಳಿಯುತ್ತದೆ, ಬಿಸಿಲಿಲ್ಲ, ಸೋನೆ ಬಿಡುವುದಿಲ್ಲ. ಒಗೆಯುವುದಕ್ಕಿಂತ ಹಿಂಡಿ ಒಣಗಿಸುವುದೇ ಕಷ್ಟವಾಗುವ ತಿಂಗಳು. ಯಂತ್ರ ನಿಜವಾಗಿ ಬೇಕಾಗುವುದು ಆಗಲೇ, ಬಿಡುವಿಲ್ಲದೆ ದುಡಿದು ಕೈಕೊಡುವುದೂ ಆಗಲೇ. ಸಂಶೋಧಕರು ಹಿತ್ತಲಿನ ಒಗೆಯುವ ಕಲ್ಲಿನ ಬಳಿ ನಿಂತು ನೋಡಬಹುದು. ಎರಡು ಆಳಿನ ಹೊದಿಕೆಯನ್ನು ಒಗೆದಮೇಲೆ ಹಿಂಡುವುದಕ್ಕೆ ಇಬ್ಬರು ಬೇಕು, ಒಬ್ಬರು ಈ ತುದಿ ಹಿಡಿದು ಬಲಕ್ಕೆ, ಇನ್ನೊಬ್ಬರು ಆ ತುದಿ ಹಿಡಿದು ಎಡಕ್ಕೆ. ಮನೆಯವರೆಲ್ಲ ಹೊಲದಲ್ಲೋ ಬ್ಯಾರನ್ನಿನ ಹತ್ತಿರವೋ ಇರುವಾಗ ಒಗೆಯುವವಳು ಒಂದು ತುದಿಯನ್ನು ಕಿಟಕಿಯ ಸರಳಿಗೆ ಸುತ್ತಿ, ಇನ್ನೊಂದನ್ನು ಎರಡೂ ಕೈಯಲ್ಲಿ ಹಿಡಿದು ತಿರುಚುತ್ತಾಳೆ.